ಟೈಲರ್ ಮಾಮನ ಹೊಸ ಅಳತೆ

ಗಡಗಡ ಓಡುತ್ತಿದ್ದ ಹೊಲಿಗೆ ಯಂತ್ರ ಗಕ್ಕನೆ ನಿಂತರೆ ಟೈಲರ್ ಮಾಮನ ಕಸರತ್ತಿನ ಹೊತ್ತಾಯಿತೆಂದೇ ಅರ್ಥ. ಗೋಡೆಗೆ ಬೆನ್ನು ಹಚ್ಚಿ ನಿಂತು ಗದ್ದವನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ. ಕೋಟು ಕೇಳಲು ಬಂದವರನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು, "ಫಿಸಿಯೋ ಮೇಡಂ ಹೇಳಿದ್ದಾರೆ, ಎಳೀರಿ" ಎನ್ನುತ್ತಾರೆ. ಈ ಕಸರತ್ತು ಶುರುವಾಗುವ ಮೊದಲು ಕತ್ತೆತ್ತಲಾರದೆ ಗಿರಾಕಿಗಳನ್ನು ಚಪ್ಪಲಿಯಿಂದಲೇ ಗುರುತಿಸುತ್ತಾ, ನೋವು ತಾಳದೆ ಅಂಗಡಿಯನ್ನೇ ಮುಚ್ಚಲು ಹೊರಟಿದ್ದವರು ಇವರೇ. ಮೊನ್ನೆ ನಾನು ಛೇಡಿಸಿದೆ: "ಊರಿಗೆಲ್ಲ ಹೊಲಿಯೋರು ನೀವು, ನಿಮ್ಮ ಅಂಗಿಯೇ ಮುಂದೆ ಮೋಟು, ಹಿಂದೆ ಜೋತು?" ಮಾಮ ಅಂಗಿಯ ಅಂಚು ಸವರಿದರು. "ಗೂನಿಗೆ ಹೊಂದಲಿ ಅಂತ ಇಷ್ಟು ವರ್ಷ ಹೀಗೇ ಕತ್ತರಿಸಿಕೊಳ್ತಿದ್ದೆ ಕಣೋ. ಈಗ ಗೂನೇ ಇಲ್ವಲ್ಲ." ಹಾಗೆಂದು ಕೊರಳಿನ ಟೇಪು ತೆಗೆದರು. "ಅದಿರಲಿ ಮಾಮ, ನನ್ನ ಪ್ಯಾಂಟು ಯಾವಾಗ..." ಎನ್ನುತ್ತಿದ್ದಂತೆಯೇ, "ಇವಳೇ, ಬಾ, ನನ್ನ ಅಳತೆ ತಗೊಳ್ಳೇ" ಎಂದು ಹೆಂಡತಿಯನ್ನು ಕೂಗುತ್ತಾ, ತಲೆಯೆತ್ತಿಕೊಂಡು ಒಳಗೆ ನಡೆದೇಬಿಟ್ಟರು.