ಹಲ್ಲಕ್ಕನ ಕಬ್ಬಿಣದ ಮರ

ಅವಳ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚುಗಳ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುವ ಕಿರುಕೋಣೆಯಲ್ಲಿ ಅರ್ಧ ಆಯಸ್ಸು ಕಳೆದವಳು. ಬೀದಿಯವರು ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಕೂಗಿದರೆ ಅವಳೂ ಓಗೊಡುತ್ತಿದ್ದಳು.

ಮದುವೆಯಾಗಲಿಲ್ಲ. ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡಳು. ಅಮ್ಮ ತೀರಿಕೊಂಡ ಮೇಲೆ ಅಕ್ಕ ತಮ್ಮ ಸೇರಿ ಅಪ್ಪ ಕಟ್ಟಿಸಿದ ಮನೆಯ ನಡುವೆ ಗೋಡೆ ಎಬ್ಬಿಸಿದರು. ಎಡಭಾಗ ಅವಳಿಗೆ, ಬಲಭಾಗ ತಮ್ಮನ ಸಂಸಾರಕ್ಕೆ. ಮುಂದಿನ ಅಂಗಳ, ಗೇಟು, ಕರೆಂಟಿನ ಮೀಟರು ಮಾತ್ರ ಇಬ್ಬರಿಗೂ ಸೇರಿದವು.

ವೆಲ್ಡಿಂಗ್ ಅವಳಿಗೆ ಅಂಟಿದ್ದು ಅಮ್ಮ ಹೋದ ಮೇಲೆ. ಮನೆ ಬಿಕೋ ಅನ್ನುತ್ತಿತ್ತು. ಹಲ್ಲಿನ ತಂತಿಗೆ ಬೆಸುಗೆ ಹಾಕಿ ಪಳಗಿದ ಕೈಗೆ ಇನ್ನೂ ದಪ್ಪನೆಯದನ್ನು ಬೆಸೆದು ನೋಡೋಣ ಅನ್ನಿಸಿತು. ಹೊಲಿಗೆ ಮಿಷನ್ನಿಗಿಂತ ಚಿಕ್ಕದಾದ, ಹೆಗಲಿಗೆ ನೇತುಹಾಕಿಕೊಂಡು ಓಡಾಡಬಹುದಾದ ಒಂದು ವೆಲ್ಡಿಂಗ್ ಮಿಷನ್ ತಂದಳು. ಭಾನುವಾರ ಪಕ್ಕದ ಓಣಿಯಂಥ ಜಾಗದಲ್ಲಿ ತಗಡಿನ ಸೂರಿನ ಕೆಳಗೆ ಕೂತು ಸ್ಟೂಲು, ಚಪ್ಪಲಿ ಸ್ಟ್ಯಾಂಡು, ಕುಂಡ ಇಡುವ ಮೆಟ್ಟಿಲು ಮಾಡುವಳು. ಬೇಕಾದವರು ಕೇಳಿ ಒಯ್ಯುತ್ತಿದ್ದರು.

"ಊರವರ ಬಾಯಿ ಮುಗೀತು, ಈಗ ಕಬ್ಬಿಣಕ್ಕೂ ಹಲ್ಲು ಕಟ್ತಾಳೆ ನಮ್ಮಕ್ಕ," ಎಂದು ತಮ್ಮ ಬಂದವರೆದುರಿಗೆ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆಗ ಅವರಲ್ಲಿ ಹಗೆಯಿರಲಿಲ್ಲ.

ಅಂಗಳದಲ್ಲಿ ಅಮ್ಮ ನೆಟ್ಟ ನಿಂಬೆ ಮರವಿತ್ತು. ಕೊನೆಗಾಲದಲ್ಲಿ ಅಮ್ಮನಿಗೆ ಮಗ ಯಾರು, ಮಗಳು ಯಾರು ಎಂಬುದೇ ಮರೆತುಹೋಗಿತ್ತು. ಆದರೆ ನಿಂಬೆಯ ಎಲೆಯೊಂದನ್ನು ಹೊಸಕಿ ಮೂಗಿನ ಬಳಿ ಹಿಡಿದರೆ, "ನಮ್ಮ ಮನೆಗೆ ಬಂದ್ವಾ?" ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಮಗಳು ದಿನಾ ಎಲೆ ಕಿತ್ತು ತರುತ್ತಿದ್ದಳು.

ಒಂದು ಸಂಜೆ ಹಲ್ಲಕ್ಕ ಕೆಲಸ ಮುಗಿಸಿ ಗೇಟು ತೆರೆದಾಗ ಅಂಗಳ ಬೋಳಾಗಿತ್ತು. ಬುಡದವರೆಗೆ ಕಡಿದು, ಬೇರು ಅಗೆದು, ಮಣ್ಣು ದಮ್ಮಸ್ಸು ಮಾಡಿದ್ದರು. ಮರವಿದ್ದ ಜಾಗದಲ್ಲಿ ತಮ್ಮನ ಬಿಳಿ ಕಾರು ನಿಂತಿತ್ತು.

"ಬೇರು ಪೈಪಿನೊಳಗೆ ನುಗ್ತಿತ್ತು ಅಕ್ಕ," ಎಂದ ತಮ್ಮ, ಕಾರಿನ ಗಾಜು ಒರೆಸುತ್ತಲೇ. "ಕಾರಿಗೂ ಜಾಗ ಬೇಕಿತ್ತು. ಹಣ್ಣು ಬೇಕಾದ್ರೆ ಅಂಗಡೀಲಿ ಸಿಗುತ್ತಲ್ಲ."

"ನನ್ನನ್ನೊಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಒಪ್ತಿದ್ಯಾ?"

ಅವಳು ಒಳಗೆ ಹೋದಳು. ಅತ್ತು ಕೂಗಾಡಿದ್ದರೆ ಬಹುಶಃ ಅಷ್ಟಕ್ಕೇ ಮುಗಿಯುತ್ತಿತ್ತು. ಅವಳು ಕೂಗಾಡಲಿಲ್ಲ. ದಿನಾ ಬೆಳಗ್ಗೆ ಆ ಕಾರಿನ ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ಹಾದು ಕೆಲಸಕ್ಕೆ ಹೋದಳು, ಸಂಜೆ ಹಾಗೆಯೇ ಹಾದು ಬಂದಳು. ಊರವರ ಹಲ್ಲು ಉಜ್ಜುತ್ತ ಉಜ್ಜುತ್ತ ತನ್ನ ಹಲ್ಲು ಮಸೆದಳು.

ಒಂದು ದಿನ ಮೆಟ್ಟಿಲ ಮೇಲೆ ಕೂತು ಕಾರಿನ ಅಡಿಯನ್ನೇ ನೋಡುತ್ತಿದ್ದಾಗ ಅವಳಿಗೆ ದಾರಿ ಹೊಳೆಯಿತು. ಅಲ್ಲಿ ನೆಲದೊಳಗೆ ಎರಡು ದಪ್ಪ ಕಬ್ಬಿಣದ ಗರ್ಡರುಗಳಿದ್ದವು. ನೀರಿನ ಟ್ಯಾಂಕು ಕೂರಿಸಬೇಕೆಂದು ಅಪ್ಪ ಕಾಂಕ್ರೀಟು ಹಾಕಿ ಹೂಳಿಸಿದ್ದವು. ಟ್ಯಾಂಕು ಬರಲೇ ಇಲ್ಲ. ಈಗ ಬೇರು ಅಗೆಯಲು ಮಣ್ಣು ಕೆದಕಿದ್ದರಿಂದ ಅವುಗಳ ಬೆನ್ನು ಮೇಲಕ್ಕೆ ಕಾಣುತ್ತಿತ್ತು. ಅವುಗಳ ಮೇಲೆ ಒಂದು ಮರ ನಿಲ್ಲಿಸಬೇಕು. ಕಬ್ಬಿಣದ ಮರ. ಮರವಿದ್ದಲ್ಲೇ ಮರ. ಯಾರೂ ಅಲ್ಲಾಡಿಸಲಾಗದ್ದು.

ಗುಜರಿಯಿಂದ ಕೊಳವೆಬಾವಿಯ ಹಳೆಯ ದಪ್ಪ ಪೈಪು ತಂದಳು. ಬುಡಕ್ಕೆ ಹಾಕಲು ಬೆರಳು ದಪ್ಪದ ಕಬ್ಬಿಣದ ಪ್ಲೇಟು ತಂದಳು. ಮೊದಲು ಎರಡು ತುಂಡು ಪ್ಲೇಟನ್ನು ತನ್ನ ಸಣ್ಣ ಮಿಷನ್ನಿನಲ್ಲಿ ಬೆಸೆದು ನೋಡಿದಳು. ಬೆಸುಗೆ ಮೇಲ್ನೋಟಕ್ಕೆ ಚೆನ್ನಾಗಿತ್ತು, ಮೀನಿನ ಪೊರೆಯಂತೆ ಸಾಲಾಗಿ ಕೂತಿತ್ತು. ಸುತ್ತಿಗೆಯಲ್ಲಿ ನಾಲ್ಕೇಟು ಬಿಗಿದಳು. ಟಪ್ಪೆಂದು ಬಿಟ್ಟುಕೊಂಡಿತು. ಒಳಗೆ ಕಬ್ಬಿಣ ಕರಗಿಯೇ ಇರಲಿಲ್ಲ, ಬೆಸುಗೆ ಬರೀ ಮೇಲೆ ಅಂಟಿಕೊಂಡಿತ್ತು. ಇಂಥ ಮರವನ್ನು ತಮ್ಮನು ಕಾರಿನಿಂದ ಮೆಲ್ಲಗೆ ತಳ್ಳಿ ಬೀಳಿಸಿ, ಬೀದಿಯೆಲ್ಲ ಕೇಳುವಂತೆ ನಗುತ್ತಾನೆ. ಆ ನಗು ಈಗಲೇ ಅವಳ ಕಿವಿಗೆ ಬಿದ್ದಂತಾಯಿತು.

ವೆಲ್ಡಿಂಗ್ ರಾಡು ಕೊಳ್ಳುವ ಅಂಗಡಿಗೆ ಹೋಗಿ ದೊಡ್ಡ ಮಿಷನ್ ಕೇಳಿದಳು.

"ಸ್ಟೂಲು ಮಾಡೋಕೆ ಇದ್ಯಾಕೆ ಹಲ್ಲಕ್ಕ?" ಎಂದ ಅಂಗಡಿಯವ. "ಹವ್ಯಾಸಕ್ಕೆ ನಿಮ್ಮದೇ ಧಾರಾಳವಾಯ್ತು. ಇದನ್ನ ಫ್ಯಾಕ್ಟರಿಯವರು ಒಯ್ತಾರೆ."

"ದಪ್ಪ ಪ್ಲೇಟು ಹಿಡೀಬೇಕು."

"ಅಂಚು ಓರೆಯಾಗಿ ಉಜ್ಜಿ, ಕಾಯಿಸಿ, ಪದರ ಪದರ ಹಾಕಿ. ನಿಮ್ಮದ್ರಲ್ಲೂ ಹಿಡಿಯುತ್ತೆ. ತಾಳ್ಮೆ ಬೇಕು ಅಷ್ಟೆ."

"ತಾಳ್ಮೆ ಎಲ್ಲಾ ಖರ್ಚಾಗಿದೆ," ಎಂದಳು ಹಲ್ಲಕ್ಕ.

ಅವನು ಅವಳ ಮುಖ ನೋಡಿ ಹೆಚ್ಚು ಕೆದಕಲಿಲ್ಲ. "ಒಯ್ದು ಒಂದೆರಡು ದಿನ ನಡೆಸಿ ನೋಡಿ. ಹಿಡಿಸಿದ್ರೆ ಇಟ್ಕೊಳ್ಳಿ. ನಿಮ್ಮ ಮನೆ ವೈರು ತಡ್ಕೊಳ್ಳುತ್ತಾ, ಅದು ನೋಡ್ಕೊಳ್ಳಿ ಮೊದಲು."

ಅದನ್ನು ಅವಳು ನೋಡಿಕೊಳ್ಳಲಿಲ್ಲ. ತಮ್ಮನು ಹೆಂಡತಿ ಮಕ್ಕಳ ಜೊತೆ ಕಾರಿನಲ್ಲಿ ಮಾವನ ಮನೆಗೆ ಹೊರಟ. ಇನ್ನು ಒಂದು ವಾರ ಬರುವುದಿಲ್ಲವೆಂದು ಅವನ ಹೆಂಡತಿ ಹೇಳಿ ಹೋಗಿದ್ದಳು. ಕಾರು ತಿರುವು ದಾಟಿದ ಕೂಡಲೇ ಹಲ್ಲಕ್ಕ ಕೆಲಸಕ್ಕೆ ರಜೆ ಹೇಳಿ, ದೊಡ್ಡ ಮಿಷನ್ನನ್ನು ಗೂಡ್ಸ್ ಆಟೋದಲ್ಲಿ ತರಿಸಿದಳು. ಇಬ್ಬರು ಹಿಡಿದು ಇಳಿಸಬೇಕಾಯಿತು. ಅಂಗಳದ ನಡುವೆ ಅದು ಮದುವೆ ಗಂಡಿನ ಹಾಗೆ ಕೂತಿತು. ಮುಖಕವಚ ಇಳಿಸಿ, ರಾಡನ್ನು ಪ್ಲೇಟಿಗೆ ತಾಗಿಸಿದಳು. ಭರ್ರೆಂದು ಬೆಳಕು ಎದ್ದಿತು. ಕಬ್ಬಿಣ ಬೆಣ್ಣೆಯಂತೆ ಕರಗಿ ಒಳಗಿಳಿಯಿತು. ಅವಳಿಗೆ ಎಂಥ ಸುಖವಾಯಿತೆಂದರೆ, ಜೋರಾಗಿ ನಕ್ಕೇಬಿಟ್ಟಳು.

ಅಷ್ಟರಲ್ಲಿ ಡಬ್ ಎಂದು ಸದ್ದಾಗಿ ಎಲ್ಲ ನಿಂತಿತು. ಮೀಟರಿನ ಪೆಟ್ಟಿಗೆಯಿಂದ ಹೊಗೆ ಬಂತು.

ಮರುದಿನ ಬಂದ ಲೈನ್‌ಮನ್ ಸುಟ್ಟ ವೈರನ್ನು ಮೂಸಿ ನೋಡಿ ತಲೆಯಾಡಿಸಿದ. ತಮ್ಮನ ಫ್ರಿಜ್ಜಿನಲ್ಲಿದ್ದದ್ದು ಅಷ್ಟರಲ್ಲಿ ಹಳಸಿರಬೇಕು. ಅದಕ್ಕಾಗಿ ಹಲ್ಲಕ್ಕನಿಗೆ ಏನೂ ಬೇಸರವಾಗಲಿಲ್ಲ.

"ಇದು ನಿಮ್ಮ ತಂದೆ ಕಾಲದ ವೈರು ಅಮ್ಮ. ಆ ರಾಕ್ಷಸನ್ನ ಇದು ಹೊರಲ್ಲ," ಎಂದ ಅವನು. "ಸದ್ಯಕ್ಕೆ ರಿಪೇರಿ ಮಾಡ್ಕೊಡ್ತೀನಿ. ದೊಡ್ಡದು ನಡೆಸ್ಬೇಕಾದ್ರೆ ಕಂಬದಿಂದ ಹೊಸ ಲೈನೇ ಎಳೀಬೇಕು. ಮೀಟರು ಇಬ್ಬರಿಗೂ ಸೇರಿದ್ದಲ್ವಾ? ನಿಮ್ಮ ತಮ್ಮನೂ ಬಂದು ಒಪ್ಕೊಂಡು ಸಹಿ ಹಾಕ್ಬೇಕು."

"ಅವನು ಒಪ್ಪದೇ ಇದ್ರೆ?"

"ಒಪ್ಪದೇ ಏನು? ಒಡಹುಟ್ಟಿದವರಲ್ವಾ, ಒಂದು ಮಾತು ಕೇಳಿ."

ಕೇಳುವುದು! ಕೇಳದೆ ಮರ ಕಡಿಸಿದವನ ಹತ್ತಿರ, ಅವನ ಮೇಲೆ ಸೇಡು ತೀರಿಸಿಕೊಳ್ಳುವ ಮಿಷನ್ನಿಗಾಗಿ ಕೈ ಚಾಚುವುದು! ಅವತ್ತೇ ಮಿಷನ್ನನ್ನು ಅಂಗಡಿಗೆ ವಾಪಸ್ಸು ಕಳಿಸಿದಳು. ಸಣ್ಣ ಮಿಷನ್ನನ್ನು ಅಂಗಳಕ್ಕೆ ತಂದಿಟ್ಟಳು.

ಆಮೇಲೆ ಮಾಡಿದ್ದೆಲ್ಲ ಹಲ್ಲಿನ ಕೆಲಸದಂತೆಯೇ. ಪೈಪಿನ ಅಂಚು, ಪ್ಲೇಟಿನ ಅಂಚು ಎರಡನ್ನೂ ಗ್ರೈಂಡರಿನಲ್ಲಿ ಓರೆಯಾಗಿ ಉಜ್ಜಿದಳು. ಕೆಳಗೆ ಇದ್ದಿಲಿನ ಕೆಂಡ ಹಾಕಿ ಕಬ್ಬಿಣ ಕಾಯಿಸಿದಳು. ಸಣ್ಣ ರಾಡಿನಿಂದ ಒಂದು ಪದರ ಹಾಕುವುದು, ಮೇಲೆ ಕಟ್ಟಿದ ಕಿಟ್ಟವನ್ನು ಕುಟ್ಟಿ ಉದುರಿಸುವುದು, ಬ್ರಶ್ಶಿನಲ್ಲಿ ಉಜ್ಜುವುದು, ಮತ್ತೊಂದು ಪದರ. ಮಿಷನ್ ಬಿಸಿಯಾದಾಗ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತು ಅದು ತಣ್ಣಗಾಗುವುದನ್ನೇ ಕಾಯುವಳು. ಅವಳು ತಣ್ಣಗಾಗಲಿಲ್ಲ. "ಬೇರು ಪೈಪಿನೊಳಗೆ ನುಗ್ತಿತ್ತಂತೆ" ಎಂದು ಒಂದು ಪದರ. "ಅಂಗಡೀಲಿ ಸಿಗುತ್ತಂತೆ" ಎಂದು ಇನ್ನೊಂದು. ಕಿಡಿ ಹಾರಿ ಮುಂಗೈ ಸುಟ್ಟಿತು, ಸೊಂಟ ಹಿಡಿಯಿತು. ಪ್ಲೇಟನ್ನು ಗರ್ಡರಿಗೆ, ಪೈಪನ್ನು ಪ್ಲೇಟಿಗೆ, ಕೊಂಬೆಗಳನ್ನು ಪೈಪಿಗೆ ಬೆಸೆದಳು. ವಾರ ಮುಗಿಯುವ ಹೊತ್ತಿಗೆ ಎಲೆಯಿಲ್ಲದ ಕಪ್ಪು ಮರವೊಂದು ಅಂಗಳದ ನಡುವೆ ನಿಂತಿತ್ತು. ದೊಡ್ಡ ಸುತ್ತಿಗೆ ತಂದು ಬುಡಕ್ಕೆ ಕೈ ಸೋಲುವವರೆಗೂ ಹೊಡೆದಳು. ಗಂಟೆಯಂತೆ ಮೊಳಗಿತೇ ಹೊರತು ಕೂದಲೆಳೆಯಷ್ಟೂ ಬಿಡಲಿಲ್ಲ.

ತಮ್ಮ ಬಂದವನು ಗೇಟು ತೆರೆದು ಅಲ್ಲೇ ನಿಂತುಬಿಟ್ಟ. ಕಾರಿನ ಎಂಜಿನ್ನು ಬೀದಿಯಲ್ಲಿ ಗುರ್ ಗುರ್ ಎನ್ನುತ್ತಿತ್ತು.

"ಏನಿದು?"

"ಮರ."

"ಯಾರನ್ನ ಕೇಳಿ ನಿಲ್ಲಿಸಿದೆ?"

"ಕೇಳಿದ್ರೆ ನೀನು ಒಪ್ತಿದ್ಯಾ?" ಎಂದಳು ಹಲ್ಲಕ್ಕ. ಈ ಮಾತನ್ನು ಎಷ್ಟು ಸಲ ಬಾಯಲ್ಲಿ ಹೊರಳಿಸಿ ಇಟ್ಟುಕೊಂಡಿದ್ದಳೋ, ಬಿಸಿ ಬಿಸಿಯಾಗಿಯೇ ಬಂತು.

ಅವನು ಅರಚಾಡಿದ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಎರಡು ಕೈಯಲ್ಲೂ ಮರವನ್ನು ಹಿಡಿದು ಜಗ್ಗಿದ, ಒದ್ದ, ಒದ್ದ ಕಾಲನ್ನು ಹಿಡಿದುಕೊಂಡು ಕುಂಟಿದ. ಮರುದಿನ ಗ್ಯಾಸ್ ಕಟರಿನವನನ್ನು ಕರೆತಂದ. ಹಲ್ಲಕ್ಕ ಮರಕ್ಕೆ ಬೆನ್ನು ಕೊಟ್ಟು ನಿಂತಳು. "ಜಾಗ ಇಬ್ಬರದೂ ಕಣಪ್ಪ. ನಾನು ಒಪ್ಪಿಲ್ಲ. ಕತ್ತರಿಸೋದಾದ್ರೆ ನನ್ನ ಸಮೇತ ಕತ್ತರಿಸು." ಕಟರಿನವನು ಒಮ್ಮೆ ಅಕ್ಕನನ್ನು, ಒಮ್ಮೆ ತಮ್ಮನನ್ನು ನೋಡಿ, "ಮನೆ ಜಗಳದಲ್ಲಿ ನನ್ನನ್ನ ಸಿಗಿಸ್ಬೇಡಿ ಸ್ವಾಮಿ," ಎಂದು ಸಿಲಿಂಡರು ಹೊತ್ತು ನಡೆದ.

ಕಾರು ಬೀದಿಯಲ್ಲಿ ಉಳಿಯಿತು. ಅದರ ಮೇಲೆ ಹಕ್ಕಿ ಹಿಕ್ಕೆ ಬಿತ್ತು, ಯಾವನೋ ಸೈಕಲ್ಲಿನವನು ಗೀರಿದ, ತರಕಾರಿ ಗಾಡಿಯೊಂದು ಹಿಂದಿನ ದೀಪ ಒಡೆಯಿತು. ಒಂದೊಂದು ಸುದ್ದಿಯೂ ಗೋಡೆಯಾಚೆಯಿಂದ ಕೇಳಿದಾಗ ಹಲ್ಲಕ್ಕನಿಗೆ ಊಟ ಒಂದು ತುತ್ತು ಜಾಸ್ತಿಯೇ ಸೇರುತ್ತಿತ್ತು.

ಆದರೆ ಬಿಸಿಲಲ್ಲಿ ಆ ಮರಕ್ಕೆ ನೆರಳಿರಲಿಲ್ಲ. ಒಂದು ಮಧ್ಯಾಹ್ನ ಅದಕ್ಕೆ ಕೈಯಾನಿಸಿ ನಿಂತು ಅಂಗೈ ಸುಟ್ಟುಕೊಂಡಳು. ವಾಸನೆಯೂ ಬರೀ ತುಕ್ಕಿನದು.

ಒಂದು ಸಂಜೆ ತಮ್ಮ ಅವಳ ಬಾಗಿಲಿಗೆ ಬಂದ. ಗೋಡೆ ಎದ್ದ ಮೇಲೆ ಅವನು ಆ ಬಾಗಿಲು ತಟ್ಟಿದ್ದು ಅಪರೂಪ.

"ಲೈನ್‌ಮನ್ ಎಲ್ಲಾ ಹೇಳಿದ ಅಕ್ಕ. ದೊಡ್ಡ ಮಿಷನ್ ಬೇಕಾಗಿತ್ತಂತೆ ನಿನಗೆ. ಹೊಸ ಲೈನಿಗೆ ನಾನು ಸಹಿ ಹಾಕ್ತೀನಿ. ಮಿಷನ್ನೂ ನಾನೇ ಕೊಡಿಸ್ತೀನಿ ಬೇಕಾದ್ರೆ. ಆ ಕಬ್ಬಿಣದ ಮರವನ್ನೊಂದು ತೆಗೆದುಬಿಡು."

ಹಲ್ಲಕ್ಕ ತಕ್ಷಣ ಬೇಡವೆನ್ನಲಿಲ್ಲ. ಬೆಣ್ಣೆಯಂತೆ ಕರಗಿದ ಆ ಕಬ್ಬಿಣ ಕಣ್ಣಮುಂದೆ ಬಂತು. ಆ ಮಿಷನ್ ಇದ್ದರೆ ಗೇಟು ಮಾಡಬಹುದು, ಮಹಡಿಗೆ ಸುತ್ತು ಮೆಟ್ಟಿಲು ಮಾಡಬಹುದು.

"ಮರ ಕಡಿಸಿದ್ದು ತಪ್ಪಾಯ್ತು ಅಂತ ಹೇಳು," ಎಂದಳು.

ತಮ್ಮ ಮುಖ ಆಚೆ ತಿರುಗಿಸಿದ. "ಒಂದು ನಿಂಬೆ ಗಿಡಕ್ಕೆ ಇಷ್ಟೊಂದಾ ಅಕ್ಕ? ಮಿಷನ್ ಕೊಡಿಸ್ತೀನಿ ಅಂದ್ನಲ್ಲ."

"ಬೇಡ ಬಿಡು. ಹವ್ಯಾಸಕ್ಕೆ ಸಣ್ಣದೇ ಸಾಕು ನನಗೆ."

ಅವನು ಹೋದ ಮೇಲೆ ಬಾಗಿಲು ಹಾಕಿದಳು. ದೊಡ್ಡ ಮಿಷನ್ ಕೈ ತಪ್ಪಿದ್ದಕ್ಕೆ ನಿಜಕ್ಕೂ ದುಃಖವಾಯಿತು. ತಮ್ಮನ ಆ ಮುಖ ನೆನೆದಾಗ ದುಃಖಕ್ಕಿಂತ ಖುಷಿಯೇ ಹೆಚ್ಚಾಯಿತು.

ಆ ಭಾನುವಾರ ಗುಜರಿಯಿಂದ ಇನ್ನೊಂದು ಪೈಪು ತಂದಳು. ಗೇಟಿನ ಕಡೆಗೆ ಚಾಚುವ ಒಂದು ಕೊಂಬೆಗೆ ಅಳತೆ ಹಿಡಿದಳು. ತಮ್ಮ ಈಗ ತನ್ನ ಸ್ಕೂಟರನ್ನು ಆ ಕೊಂಬೆ ಅಡ್ಡ ಬರುವ ಸಂದಿಯಿಂದಲೇ ಒಳಗೆ ತರುತ್ತಿದ್ದ.