ಒರೆಸಿಟ್ಟ ಡಬ್ಬಿ

ಆ ದಿನ ಬೆಳಗ್ಗೆ ದೋಸೆಗೆ ರುಬ್ಬಿದೆ, ಎರಡು ಬಕೆಟ್ ಬಟ್ಟೆ ಒಗೆದೆ, ಗ್ಯಾಸಿಗೆ ಬರೆಸಿ ಬಂದೆ, ನಮ್ಮವರ ಶರ್ಟಿಗೆ ಗುಂಡಿ ಹೊಲಿದೆ. ಹನ್ನೊಂದರ ಬಸ್ಸಿಗೆ ಇಬ್ಬರೂ ಭದ್ರಾವತಿಗೆ ಹೊರಟೆವು.

ನಮ್ಮವರು ಶಿವಮೊಗ್ಗದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕರು. ಆಗ ಅಲ್ಲಿ ಬೆರಳಚ್ಚು ಎಬ್ಬಿಸುವ ಪುಡಿಯ ಪ್ರಯೋಗ ನಡೆದಿತ್ತು. ಅಲ್ಯೂಮಿನಿಯಂ ಪುಡಿ ಬೆರಳಿನ ಜಿಡ್ಡಿಗೆ ಅಂಟುತ್ತದೆ, ಆದರೆ ಸ್ಟೀಲಿನ ಮೇಲೆ ಕಾಣುವುದಿಲ್ಲ. ಅದಕ್ಕೇ ಅರಿಶಿನ ಬೆರೆಸುತ್ತಿದ್ದರು. ಕೊಂಬು ಕುಟ್ಟಿ, ಪಂಚೆಯಲ್ಲಿ ಸೋಸಿ ಕೊಟ್ಟವಳು ನಾನು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ನಾದಿನಿಯ ಎರಡೆಳೆ ಸರ ಕಾಣೆಯಾಗಿತ್ತು. ಬೀರುವಿನೊಳಗೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಳಂತೆ. ಅನುಮಾನವೆಲ್ಲ ಎಂಟು ವರ್ಷದಿಂದ ಮನೆಗೆಲಸಕ್ಕಿದ್ದ ತಮಿಳು ಹೆಂಗಸಿನ ಮೇಲೆ.

“ಆ ಡಬ್ಬಿ ನಾನು ಮುಟ್ಟೇ ಇಲ್ಲ ಅಮ್ಮಾ. ನಿಮ್ಮಣ್ಣನ ಪುಡಿ ಹಾಕಿ ನೋಡಿ, ನನ್ನ ಬೆರಳು ಸಿಕ್ಕಿದ್ರೆ ಕೇಳಿ” ಎಂದು ಹಟ ಹಿಡಿದವಳು ಅವಳೇ.

“ಬಂದ್ರಪ್ಪ ನಮ್ಮ ಸಿಐಡಿ ಅಣ್ಣ! ಕುಂಕುಮಾನೂ ತಂದಿದ್ರೆ ಪೂಜೇನೇ ಮಾಡಿಬಿಡಬಹುದಿತ್ತು” ಎಂದು ನಾದಿನಿ ನಕ್ಕಳು.

ನಮ್ಮವರು ನಡುಮನೆಯಲ್ಲಿ ಪೇಪರ್ ಹಾಸಿ ಪುಡಿ, ಬ್ರಷ್ಷು ಜೋಡಿಸುವಾಗ ನಾನು ಕಾಫಿಗೆ ಹಾಲಿಡಲು ಅಡುಗೆಮನೆಗೆ ಹೋದೆ. ಹಾಲು ಉಕ್ಕಿ, ಕಟ್ಟೆಯ ಮೇಲಿದ್ದ ಡಬ್ಬಿಯೊಂದರ ಬುಡಕ್ಕೆ ಹರಿಯಿತು. ಡಬ್ಬಿ ಎತ್ತಿ ಕಟ್ಟೆ ಒರೆಸಿದೆ. ಹಾಗೇ ಡಬ್ಬಿಯನ್ನೂ ಮುಚ್ಚಳದಿಂದ ಬುಡದವರೆಗೆ ಒರೆಸಿ, ಮುಚ್ಚಳ ಹಿಡಿದು ಪಕ್ಕಕ್ಕಿಟ್ಟೆ. ಸಕ್ಕರೆ ಡಬ್ಬಿ ಅಂದುಕೊಂಡೆನೋ, ಏನೂ ಅಂದುಕೊಳ್ಳಲಿಲ್ಲವೋ. ಬೀರುವಿನ ಡಬ್ಬಿಯನ್ನು ಅಣ್ಣನಿಗೆಂದು ನಾದಿನಿ ಅಲ್ಲಿ ತೆಗೆದಿಟ್ಟಿದ್ದು ನನಗೆ ಗೊತ್ತಿರಲಿಲ್ಲ.

ನಮ್ಮವರು ಆ ಡಬ್ಬಿಯನ್ನು ಬಟ್ಟೆಯಲ್ಲಿ ಹಿಡಿದು ತಂದು ಬ್ರಷ್ಷು ಆಡಿಸಿದಂತೆ ಮುಚ್ಚಳದ ಮೇಲೆ ನಾಲ್ಕು ಬೆರಳು ಹಳದಿಯಾಗಿ ಎದ್ದವು. ಸುತ್ತ ಎಲ್ಲೂ ಏನೂ ಇಲ್ಲ. ಒಂದು ಅಚ್ಚಿನಲ್ಲಿ ಅಡ್ಡಗೆರೆ. ನನ್ನ ತೋರುಬೆರಳಿನಲ್ಲಿ ಈಳಿಗೆಮಣೆ ಕುಯ್ದ ಗಾಯದ್ದು. ನಮ್ಮವರು ತಲೆಯೆತ್ತಿ ನನ್ನನ್ನು ನೋಡಿದರು.

“ಏನತ್ತಿಗೆ, ಅವಳನ್ನ ಉಳಿಸೋಕೆ ಅಂತ ಒರೆಸಿದ್ರಾ?”

“ಇಲ್ಲ ಮಾರಾಯ್ತಿ, ಹಾಲು ಉಕ್ಕಿತ್ತು...”

ಕೆಲಸದವಳು ನನ್ನನ್ನು ಬೈಯಲಿಲ್ಲ. “ಇನ್ನು ಯಾರು ನಂಬ್ತಾರೆ ಅಕ್ಕಾ?” ಎಂದಷ್ಟೇ ಕೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳು ಬಿಟ್ಟುಹೋದ ಪಾತ್ರೆಗಳನ್ನು ನಾನು ತೊಳೆದೆ. ಸರ ಕೊನೆಗೂ ಸಿಗಲಿಲ್ಲ. ಅವಳು ತೆಗೆದಿರಲಿಲ್ಲ ಎಂದೇ ಈಗಲೂ ನನಗೆ ಅನಿಸುತ್ತದೆ. ಆದರೆ ತಿಂಗಳೊಳಗೆ ಆ ಬೀದಿಯ ಉಳಿದ ಮನೆಗಳೂ ಅವಳನ್ನು ಕೆಲಸದಿಂದ ಬಿಡಿಸಿದವು.

ಅವತ್ತು ಶಿವಮೊಗ್ಗಕ್ಕೆ ಬಂದು ಅನ್ನ, ಹುರುಳಿ ಸಾರು, ಸುಟ್ಟ ಹಪ್ಪಳ ಉಂಡೆವು. ನನಗೆ ಮಜ್ಜಿಗೆ ಅನ್ನ ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. “ಬಿಡೇ, ಬೇಕೂಂತ ಮಾಡಿದ್ಯಾ?” ಎಂದು ನಮ್ಮವರು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿದರು. ಮೊದಲು ನಿದ್ದೆ ಹೋದವರು ಅವರೇ.