ಕುಡಿ ಎಂದ ದಯಾನಂದ್

ಹಿಂದೂಪುರದ ಹುಣಸೆ ಮಂಡಿಯಲ್ಲಿ ಹವಾಲ್ದಾರ್ ತಿಪ್ಪೇಶನಿಗೆ ಜಂಬಗಾರನೆಂದೇ ಹೆಸರು. ಎದೆ ಮೇಲೆ ಶೌರ್ಯ ಪದಕ ಬಿದ್ದಮೇಲೆ ನಮ್ಮ ಮನೆ ನೀರು ಹಿಡಿಸುತ್ತದೆಯೇ ಎಂದು ಆಡಿಕೊಳ್ಳುತ್ತಾರೆ. ಯಾರು ಲೋಟ ಚಾಚಿದರೂ ಬೇಡವೆನ್ನುತ್ತಾನೆ, ನಿಜ. ಅದಕ್ಕೆ ಜಂಬವಂತೆ ಜಂಬ! ಆಡಿಕೊಳ್ಳುವವರಿಗೆ ಏನು ಗೊತ್ತು ಮಣ್ಣು.

ಅಪ್ಪ ಮರುಳಪ್ಪನ ಮಂಡಿ ಬಿಟ್ಟು ಹತ್ತೊಂಬತ್ತಕ್ಕೇ ಸೈನ್ಯ ಸೇರಿದವನು ತಿಪ್ಪೇಶ. ಅಲ್ಲಿ ಜೊತೆಯಾದವನು ಕಲ್ಯಾಣದುರ್ಗದ ನೇಕಾರರ ಮನೆಯ ದಯಾನಂದ್. ಅವನ ಮನೆಮಾತು ತೆಲುಗು, ತಿಪ್ಪೇಶನ ಹತ್ತಿರ ಮಾತ್ರ ಕನ್ನಡವೇ. ಗಡಿಯ ಗುಡ್ಡದಲ್ಲಿ ಗುಂಡಿನ ಕಾಳಗವಾದ ದಿನ ಇಬ್ಬರೂ ಒಂದೇ ಬಂಡೆಯ ಮರೆಯಲ್ಲಿದ್ದರು. ತಿಪ್ಪೇಶನ ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು. ದಯಾನಂದ್ ತನ್ನ ನೀರಿನ ಬಾಟಲಿಯನ್ನು ಅವನ ಕೈಗಿಟ್ಟ. ಮರುಗಳಿಗೆಗೆ, "ಕುಡಿ! ಕುಡಿ!" ಎಂದು ಕೂಗಿದ. ತಿಪ್ಪೇಶ ಬಾಟಲಿ ಎತ್ತಿ ಕುಡಿದ.

ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಹಿಂದೂಪುರದಲ್ಲಿ ಹುಟ್ಟಿದವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಜೀವಭಯದಲ್ಲಿ ದಯಾನಂದ್ ತಾಯಿಭಾಷೆಯಲ್ಲಿ ಕೂಗಿದ್ದ, ಬಾಯಾರಿದ ತಿಪ್ಪೇಶನಿಗೆ ಕೇಳಿದ್ದು ಕನ್ನಡ. ಬಲಗಡೆಯಿಂದ ತಿಪ್ಪೇಶನತ್ತ ಬಂದ ಗುಂಡಿಗೆ ದಯಾನಂದ್ ಅಡ್ಡ ಬಂದು ಪ್ರಾಣ ಬಿಟ್ಟ. ಆಮೇಲೆ ತಿಪ್ಪೇಶ ಹುಚ್ಚನಂತೆ ಬಲಕ್ಕೆ ನುಗ್ಗಿ ಮೂವರನ್ನು ಕೆಡವಿದ. ಪದಕ ಬಂದದ್ದು ಅದಕ್ಕೆ. ಶೌರ್ಯವಂತೆ! ಅವತ್ತು ಅವನಿಗೆ ಬೇಕಿದ್ದದ್ದು ಸಾವು. ಅಂದಿನಿಂದ ಯಾರು ಕೊಟ್ಟ ನೀರೂ ಅವನಿಗೆ ಇಳಿಯದು.

ವರ್ಷ ವರ್ಷ ದಯಾನಂದನ ತಿಥಿಗೆ ಕಲ್ಯಾಣದುರ್ಗದ ಬಸ್ಸು ಹತ್ತುತ್ತಾನೆ. ನನ್ನ ಮಗ ಕೊನೆಗೆ ಏನಂದ ಎಂದು ತಾಯಿ ಚಿನ್ನಕ್ಕ ಪ್ರತಿ ಸಲ ಕೇಳುತ್ತಾಳೆ. ನೆನಪಿಲ್ಲವೆಂದು ಇವನು ತಪ್ಪಿಸಿಕೊಳ್ಳುತ್ತಾನೆ. ಈ ಸಲ ಆಕೆ ಹಾಸಿಗೆ ಹಿಡಿದಿದ್ದಳು. ಈಗ ಹೇಳದಿದ್ದರೆ ಈ ಪಾಪ ತನ್ನ ಜೊತೆಗೇ ಉಳಿದುಬಿಡುತ್ತದೆಂದು ಹೆದರಿ ತಿಪ್ಪೇಶ ಬಾಯಿಬಿಟ್ಟ.

"ಅವನ ನೀರಿನ ಬಾಟ್ಲಿ ನನ್ ಕೈಲಿತ್ತು ಕಣಮ್ಮ. ಕುಡಿ ಕುಡಿ ಅಂತ ಕೂಗ್ದ. ನಾನು ಕುಡ್ದುಬುಟ್ಟೆ."

ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ತಲೆ ತಗ್ಗಿಸಿ ಕಾದ. ಆದರೆ ನೀರಿನ ಮಾತು ಬಂದಿತ್ತಲ್ಲ, ಕನ್ನಡವೂ ಬಲ್ಲ ಚಿನ್ನಕ್ಕನ ಕಿವಿಗೂ ಕನ್ನಡದ ಕುಡಿಯೇ ಬಿತ್ತು. ಸಾಯುವ ಹೊತ್ತಿನಲ್ಲೂ ಗೆಳೆಯನ ಬಾಯಾರಿಕೆ ನೋಡಿದನಲ್ಲ ನನ್ನ ಮಗ ಎಂದು ಅತ್ತಳು, ಅಳುತ್ತಲೇ ನಕ್ಕಳು. ಅದು ಆ ಕುಡಿ ಅಲ್ಲಮ್ಮ ಎನ್ನಬೇಕು. ತಿಪ್ಪೇಶ ತಲೆ ಎತ್ತಿದ. ಆಕೆ ತಲೆದೆಸೆಯಲ್ಲಿದ್ದ ನೀರಿನ ಚೊಂಬನ್ನು ಎತ್ತಿ ಅವನ ಮುಂದೆ ಹಿಡಿದಳು.

"ನನ್ ಮಗ ಕೊಟ್ಟಿದ್ದು ಅಂದ್ಕೊ. ಕುಡಿ ನಾಯನಾ."

ತಿಪ್ಪೇಶ ಕುಡಿದ.